ಇಬ್ಬರು ಕಂಡ ಅಂಬರಗುಬ್ಬಿ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವವಳಿಗೆ ಮಾತಿಗೇನು ಬರ ಎಂದು ಜನ ತಿಳಿಯುತ್ತಾರೆ. ಸುಲ್ತಾನ್ ಬತ್ತೇರಿಯಲ್ಲಿ ನಾನು ಆಪರೇಟರ್ ಆಗಿದ್ದಾಗ ದಿನವಿಡೀ ಕಿವಿಯೊಳಗೆ ಮಾತೇ ಮಾತು. ಮೆಣಸಿನ ವ್ಯಾಪಾರಿಗಳು, ಎಸ್ಟೇಟಿನ ಮ್ಯಾನೇಜರುಗಳು, ಪೊಲೀಸರು, ಮೈಸೂರಿನ ಮಂಡಿಯವರು. ಅವರ ಮಾತನ್ನು ಇವರ ಮಾತಿಗೆ ಜೋಡಿಸಿ ನಾನು ಬಾಯಿ ಹೊಲಿದುಕೊಂಡು ಕೂರಬೇಕು. ಕೇಳಿದ್ದನ್ನು ಕೇಳಿಲ್ಲ ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಡ್ಯೂಟಿ ಮುಗಿಸಿ ಹೊರಗೆ ಬಂದರೆ ನನ್ನೊಡನೆ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ.

ನಾನು ಗುಂಡ್ಲುಪೇಟೆ ಕಡೆಯವಳು. ಕಲ್ಲಿಕೋಟೆಯಲ್ಲಿ ತರಬೇತಿ ಮುಗಿಸಿದ ಮೇಲೆ, ಮೈಸೂರು ಲೈನಿಗೆ ಕನ್ನಡ ಬಲ್ಲವರು ಬೇಕೆಂದು ನನ್ನನ್ನು ಬತ್ತೇರಿಗೆ ಹಾಕಿದರು. ಮಲಯಾಳಂ ಕಲಿತೆ. ಆದರೆ ನನ್ನ ಮಲಯಾಳಂ ಕೇಳಿದವರೆಲ್ಲ ಮೊದಲು ನಗುತ್ತಿದ್ದರು, ಆಮೇಲೆ ಉತ್ತರ ಕೊಡುತ್ತಿದ್ದರು. ನಗಿಸುವುದಕ್ಕೆ ಸಂಬಳ ಕೊಡುವುದಿಲ್ಲವಲ್ಲ ಎಂದು ನಾನೂ ಮಾತು ಕಡಿಮೆ ಮಾಡಿದೆ. ಊರಿಗೆ ಹೋದರೆ ಅಮ್ಮ, "ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ" ಎಂದು ರಾಗ ಎಳೆಯುತ್ತಿದ್ದಳು. ಹುಚ್ಚು ಅಂದರೆ ನನ್ನ ಹಕ್ಕಿ ನೋಡುವ ಹುಚ್ಚು.

ಅದನ್ನು ಹಿಡಿಸಿದವರು ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಮೇಡಂ. ಭಾನುವಾರ ಬೆಳಿಗ್ಗೆ ನಾಲ್ಕಾರು ಹುಡುಗಿಯರನ್ನು ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗಿ, ಸೀರೆಯ ನೆರಿಗೆ ಕೆಸರಾಗುವುದನ್ನೂ ಲೆಕ್ಕಿಸದೆ ಜೊಂಡಿನೊಳಗೆ ಇಳಿಯುತ್ತಿದ್ದರು. ಅವರದು ಒಂದು ಕಟ್ಟುನಿಟ್ಟು. ಈ ಸೀಮೆಗೆ ಬಾರದ ಹಕ್ಕಿಯನ್ನು ಕಂಡೆ ಎನ್ನುವವರು ಇನ್ನೊಬ್ಬರಿಗೆ ಅದನ್ನು ತೋರಿಸಿರಬೇಕು. ತೋರಿಸುವಾಗ ಏನು ನೋಡಬೇಕೆಂದು ಬಾಯಿ ಬಿಡಬಾರದು. ಆ ಇನ್ನೊಬ್ಬರು ತಾವಾಗಿ ಹೇಳಿದ್ದು ನಮ್ಮ ಕಣ್ಣಿಗೆ ಬಿದ್ದದ್ದಕ್ಕೆ ಹೊಂದಿದರೆ ಹಕ್ಕಿ ಬಂದಿತ್ತು ಎಂದು ಅರ್ಥ. ಒಬ್ಬರೇ ಕಂಡ ಹಕ್ಕಿಯನ್ನು ಅವರು, "ಅದು ನಿನ್ನ ಆಸೆ, ಹಕ್ಕಿಯಲ್ಲ" ಎಂದು ತಳ್ಳಿಹಾಕಿಬಿಡುತ್ತಿದ್ದರು. ನನಗೆ ಕೆಲಸ ಸಿಕ್ಕಾಗ ತಮ್ಮ ಹಳೆಯ ದುರ್ಬೀನನ್ನು ಕೊಟ್ಟು ಕಳಿಸಿದರು.

ಎಕ್ಸ್‌ಚೇಂಜಿಗೂ ಸರ್ಕಾರಿ ಆಸ್ಪತ್ರೆಗೂ ನಡುವೆ ಒಂದು ಪಾರ್ಕು ಇತ್ತು. ಪಾರ್ಕು ಎಂದರೆ ದೊಡ್ಡ ಮಾತಾಯಿತು. ಸುತ್ತ ತಂತಿಬೇಲಿ, ನಡುವೆ ನೀರು ಕಾಣದ ಕಾರಂಜಿ, ಒಂದು ಗುಲ್‌ಮೊಹರ್ ಮರ, ಒಂದು ಸಿಮೆಂಟಿನ ಬೆಂಚು. ಆಸ್ಪತ್ರೆಯ ಒಳಗೆ ಬಿಡುವ ಗಂಟೆಗಾಗಿ ಕಾಯುವವರು ಹುಲ್ಲಿನ ಮೇಲೆ ಕೂತಿರುತ್ತಿದ್ದರು. ನಮ್ಮ ಎಕ್ಸ್‌ಚೇಂಜಿನ ತಂತಿಗಳು ಪಾರ್ಕಿನ ಮೇಲೇ ಹಾದುಹೋಗುತ್ತಿದ್ದವು. ಚಳಿಗಾಲದಲ್ಲಿ ಕವಲುಬಾಲದ ಅಂಬರಗುಬ್ಬಿಗಳು ಎಲ್ಲೆಲ್ಲಿಂದಲೋ ಬಂದು ಆ ತಂತಿಗಳ ಮೇಲೆ ಸಾಲಾಗಿ ಕೂರುತ್ತಿದ್ದವು. ಬೆಳಗಿನ ಪಾಳಿ ಮುಗಿಸಿ ನಾನು ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಅವುಗಳನ್ನು ನೋಡುತ್ತಿದ್ದೆ. ಒಳಗೆ ನಾನು ಜೋಡಿಸಿಕೊಟ್ಟ ಮಾತುಗಳೆಲ್ಲ ಅವುಗಳ ಕಾಲ ಕೆಳಗೇ ಹರಿದುಹೋಗುತ್ತವಲ್ಲ, ಇವಕ್ಕೆ ಏನೂ ಕೇಳುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ಅದು ನಕ್ಸಲರ ಹೆಸರೆತ್ತಿದರೆ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಳ್ಳುತ್ತಿದ್ದ ಕಾಲ. ಕಾಡಂಚಿನಲ್ಲಿ ಭೂಮಿಯಿಲ್ಲದವರು ಗುಡಿಸಲು ಕಟ್ಟುವುದು, ಎಸ್ಟೇಟಿನವರು ಕೀಳಿಸುವುದು, ಮತ್ತೆ ಕಟ್ಟುವುದು ನಡೆದೇ ಇತ್ತು. ಎಲ್ಲಾದರೂ ಏನಾದರೂ ಆದರೆ ಪೊಲೀಸರು ದಾರಿಯಲ್ಲಿ ಸಿಕ್ಕವರನ್ನು ಸಾಕ್ಷಿಗೆ ಎಳೆಯುತ್ತಿದ್ದರು. ಸಾಕ್ಷಿಯಾದವನನ್ನು ಒಂದು ಕಡೆಯಿಂದ ಇವರು ಜಗ್ಗಿದರೆ ಇನ್ನೊಂದು ಕಡೆಯಿಂದ ಅವರು. ಹೀಗಾಗಿ ಇಡೀ ಊರಿಗೆ ಒಂದು ಮಾತು ಬಾಯಿಪಾಠವಾಗಿತ್ತು. "ಞಾನ್ ಒನ್ನುಂ ಕಂಡಿಲ್ಲ." ನಾನು ಏನೂ ನೋಡಿಲ್ಲ. ಮೀನಂಗಡಿಯ ತಿರುವಿನಲ್ಲಿ ಬಸ್ಸು ಹಳ್ಳಕ್ಕೆ ಇಳಿದಾಗ ಅದರೊಳಗೆ ಕೂತಿದ್ದವರೇ ಹಾಗೆ ಹೇಳಿದರೆಂದು ನಮ್ಮ ಎಕ್ಸ್‌ಚೇಂಜಿನಲ್ಲಿ ನಗೆಯಾಡುತ್ತಿದ್ದರು.

ಧನುರ್ಮಾಸದ ಒಂದು ಮಧ್ಯಾಹ್ನ. ತಂತಿಯ ಮೇಲಿನ ಸಾಲಿನಲ್ಲಿ ಒಂದು ಹಕ್ಕಿ ಕುಳ್ಳಗಿತ್ತು. ಬಾಲದ ಕವಲು ಅಷ್ಟಕ್ಕಷ್ಟೇ. ಅದು ಮಗ್ಗುಲು ತಿರುಗಿದಾಗ ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ, ಅಚ್ಚ ಬಿಳುಪು ಕಂಡಿತು. ನನ್ನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು.

ಬಿಳಿ ಸೊಂಟದ ಹಕ್ಕಿ ಎಂದರೆ ಯಾರಾದರೂ ಮೊದಲು ಹೇಳುವುದು ಬಾನಾಡಿಯ ಹೆಸರು, ಇಂಗ್ಲಿಷಿನವರ ಸ್ವಿಫ್ಟ್. ಹಳೆಯ ಕಟ್ಟಡಗಳ ಸೂರಿನಲ್ಲಿ ಗೂಡು ಕಟ್ಟುವ ಬಾನಾಡಿಗೂ ಸೊಂಟ ಬಿಳಿ. ಆದರೆ ಬಾನಾಡಿಯ ಹೊಟ್ಟೆ ಕಪ್ಪು. ಅದಕ್ಕಿಂತ ಮುಖ್ಯವಾಗಿ, ಬಾನಾಡಿ ತಂತಿಯ ಮೇಲೆ ಕೂರಲಾರದು. ಅದರ ಕಾಲು ಗೋಡೆಗೆ ಜೋತುಬೀಳಲು ಇರುವಂಥದ್ದು. ಇದು ಸಂಸಾರಸ್ಥರ ಹಾಗೆ ಬಾಕಿಯವುಗಳ ನಡುವೆ ಕೂತಿತ್ತು. ಹೊಟ್ಟೆ, ಗಂಟಲು ಎರಡೂ ಬಿಳಿ. ತಲೆ, ಬೆನ್ನು ನೀಲಿಗಪ್ಪು. ದುರ್ಬೀನನ್ನು ಕಣ್ಣಿಗೊತ್ತಿ ಕಾಲು ನೋಡಿದೆ. ಬೆರಳಿನವರೆಗೂ ಬಿಳಿ ಪುಕ್ಕ. ಅಷ್ಟಾದ ಮೇಲೆ ಅನುಮಾನ ಉಳಿಯಲಿಲ್ಲ. ಹಿಮಾಲಯದ ಆಚೆಯ ಊರುಗಳ ಗೋಡೆಗಳಲ್ಲಿ ಮಣ್ಣಿನ ಗೂಡು ಕಟ್ಟುವ ಅಂಬರಗುಬ್ಬಿ ಅದು. ವಯನಾಡಿನಲ್ಲಿ ಅದನ್ನು ಕಂಡವರ ಸುದ್ದಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸಂತೋಷ ಆಯಿತು, ಅದರ ಹಿಂದೆಯೇ ಅಳುವೂ ಬಂತು. ಇದನ್ನು ಯಾರಿಗೆ ತೋರಿಸಲಿ? ನನಗೆ ಹಕ್ಕಿ ಸಿಕ್ಕಿತ್ತು, ಇನ್ನೊಬ್ಬ ಮನುಷ್ಯ ಸಿಕ್ಕಿರಲಿಲ್ಲ. ಬೇಲಿಯಾಚೆ ಇದ್ದ ಚಹಾದ ಅಂಗಡಿಯವನನ್ನು ಕರೆದೆ. ದುರ್ಬೀನು ನೋಡಿದ್ದೇ ತಡ, ಅವನಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ನೆನಪಾಯಿತು. ಹುಲ್ಲಿನ ಮೇಲಿದ್ದ ಇಬ್ಬರು ಹೆಂಗಸರು ಸೆರಗು ಎಳೆದುಕೊಂಡು ಎದ್ದುಹೋದರು.

ಬೆಂಚಿನ ಇನ್ನೊಂದು ತುದಿಗೆ ಒಬ್ಬ ಆಳು ಬಂದು ಕೂತಿದ್ದ. ಮೈಸೂರು ಗಡಿಯ ಬಾವಲಿ ಊರಿನ ಕಡೆಯ ಕಾಡಿನವನೆಂದು ನೋಡಿದರೆ ತಿಳಿಯುತ್ತಿತ್ತು. ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿದ್ದ. ಮಲಯಾಳಂನಲ್ಲಿ, ಇಲ್ಲಿ ಒಂದು ನಿಮಿಷ ನೋಡುತ್ತೀರಾ ಎಂದು ದುರ್ಬೀನು ಚಾಚಿದೆ.

"ಞಾನ್ ಒನ್ನುಂ ಕಂಡಿಲ್ಲ ಚೇಚಿ," ಎಂದ. ಚೇಚಿ ಅಂದರೆ ಅಕ್ಕ.

ನನಗೆ ರೇಗಿತು. ರೇಗಿದರೆ ನನಗೆ ಬರುವುದು ಕನ್ನಡ. "ನೋಡೋದಕ್ಕೆ ಮೊದಲೇ ಕಂಡಿಲ್ಲ ಅಂದರೆ ಹೇಗಪ್ಪಾ?" ಎಂದೆ.

ಅವನು ತಟ್ಟನೆ ತಿರುಗಿದ. "ನೀವು ಕನ್ನಡದೋರಾ?"

"ಗುಂಡ್ಲುಪೇಟೆಯವಳು."

"ಅಯ್ಯೋ, ಅಂಗೆ ಮುಂಚೆನೇ ಯೋಳದಲ್ವಾ," ಎಂದು ಹತ್ತಿರ ಸರಿದ. ಕುಂಬಳಕಾಯಿ ಕಳ್ಳ ಅಂದರೆ ಊರೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅವನು ನನ್ನನ್ನು ನಂಬಿದ್ದು ಆ ಒಂದು ಭಾಷೆಯಿಂದ.

ದುರ್ಬೀನು ಹಿಡಿಯುವುದು ಹೇಗೆಂದಷ್ಟೇ ತೋರಿಸಿ, ಯಾವ ಹಕ್ಕಿ ಎಂದು ಬೆರಳು ಮಾಡಿ ಸುಮ್ಮನಾದೆ. ಅವನು ಬಹಳ ಹೊತ್ತು ನೋಡಿದ. ಮೊದಲು ತನ್ನದೇ ರೆಪ್ಪೆ ಕಾಣುತ್ತದೆ ಎಂದ, ಆಮೇಲೆ ಮರ ಕಾಣುತ್ತದೆ ಎಂದ, ಕೊನೆಗೆ ಹಕ್ಕಿಯನ್ನು ಹಿಡಿದ.

"ಬಾಕಿದ್ಕೆಲ್ಲ ಬಾಲ ಕತ್ರಿ. ಇದ್ಕೆ ಗಿಡ್ಡ. ಹಿಂದ್ಗಡೆ ಸುಣ್ಣ ಬಳ್ದಂಗದೆ. ಹೊಟ್ಟೆನೂ ಬೆಳ್ಗದೆ." ಅಷ್ಟು ಹೇಳಿ ನಕ್ಕ. "ಕಾಲ್ಗೆ ಕಾಲುಚೀಲ ಹಾಕ್ಕಂಡದೆ ಚೇಚಿ. ಎಸ್ಟೇಟು ದೊರೆ ಮಗೀನಂಗೆ."

ಆ ಕಾಲುಚೀಲ ಕೇಳಿ ನನಗಾದ ಖುಷಿಯನ್ನು ಹೇಗೆ ಹೇಳಲಿ? ಬತ್ತೇರಿಗೆ ಬಂದ ಮೇಲೆ ಮೊದಲ ಸಲ, ನಾನು ನೋಡಿದ್ದನ್ನೇ ಇನ್ನೊಂದು ಜೀವ ನೋಡಿತ್ತು. ಬುತ್ತಿಯಲ್ಲಿ ಉಳಿದ ಮುದ್ದೆಯನ್ನು ಅವನಿಗೆ ಕೊಟ್ಟೆ. ಬೇಡ ಎನ್ನದೆ ತಿಂದ.

ಹೆಂಡತಿ ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿದ್ದಾಳೆ, ಚೊಚ್ಚಲು, ನೋವು ಬಂದು ಬಂದು ನಿಲ್ಲುತ್ತಿದೆ ಎಂದ. ಮೀನಂಗಡಿಯಾಚೆಯ ಎಸ್ಟೇಟಿನ ಅಂಚಿನಲ್ಲಿ ಇವರ ಕಡೆಯವರು ಗುಡಿಸಲು ಹಾಕಿದ್ದರು. ಆ ದಿನ ಅಲ್ಲಿ ಎಲ್ಲರೂ ಸೇರಿ ಎಸ್ಟೇಟಿನ ಬೇಲಿ ಕೀಳುವುದಿತ್ತಂತೆ. "ಇವ್ಳಿಗೆ ನೋವು ಬರ್ದಿದ್ರೆ ನಾನೂ ಓಯ್ತಿದ್ದೆ," ಎಂದು ಮುಚ್ಚಿಡದೆ ಹೇಳಿದ. ನಾನು ಕೇಳಿಲ್ಲ ಎನ್ನುವ ಮುಖ ಮಾಡಿದೆ. ಅಭ್ಯಾಸವಿತ್ತಲ್ಲ.

"ಇದು ಎಲ್ಲಿಂದ ಬಂದದೆ?" ಎಂದು ಹಕ್ಕಿಯ ಕಡೆ ತೋರಿಸಿದ.

"ತುಂಬಾ ದೂರ. ಹಿಮ ಬೀಳೋ ದೇಶ."

"ಒಂದೇನಾ?"

"ಒಂದೇ. ದಾರಿ ತಪ್ಪಿರಬೇಕು."

"ಬಾಕಿವು ಕುಕ್ಕಾಕಿಲ್ವಾ?"

"ಇಲ್ಲ. ಸುಮ್ಮನೆ ಕೂರಿಸಿಕೊಂಡಿವೆ."

ಅವನು ನನ್ನ ಕಡೆ ತಿರುಗಿ, "ನೀವೂ ಇಲ್ಲಿ ಒಬ್ರೇನಾ ಇರಾದು?" ಎಂದ. ಹೌದು ಎಂದೆ. "ಗಂಡ್ಸು ದಿಕ್ಕಿಲ್ದೆ, ಈ ಕಾಲ್ದಲ್ಲಿ," ಎಂದು ತಲೆ ಅಲ್ಲಾಡಿಸಿದ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಅವನಿಗೆ ಕೊಡಲಿಲ್ಲ. ಗಂಟೆ ಹೊಡೆಯುವವರೆಗೂ ಇಬ್ಬರೂ ಪಾಳಿಯ ಮೇಲೆ ಹಕ್ಕಿ ನೋಡಿದೆವು. ಬಿಸಿಲು ಇಳಿದಾಗ ಅವನು ಒಳಗೆ ಹೋದ. ಅದೇ ಸಂಜೆ ಅವನಿಗೆ ಹೆಣ್ಣುಮಗು ಹುಟ್ಟಿತು.

ಮರುದಿನ ಹಕ್ಕಿ ಇರಲಿಲ್ಲ. ಆ ಭಾನುವಾರ ಮೈಸೂರಿಗೆ ಬಸ್ಸು ಹತ್ತಿ ಮೇಡಂ ಮುಂದೆ ಕೂತೆ. ಎರಡನೆಯವರು ಯಾರು ಎಂದರು. ಹೆಂಡತಿಯ ಹೆರಿಗೆಗೆ ಬಂದಿದ್ದ ಕಾಡಿನವನೊಬ್ಬ ಎಂದೆ. ನೀನು ಹೇಳಿಕೊಟ್ಟೆಯಾ ಎಂದರು. ಇಲ್ಲ ಎಂದು ಕಾಲುಚೀಲದ ಮಾತು ಹೇಳಿದೆ. ಮೇಡಂ ಕನ್ನಡಕ ತೆಗೆದು ಮನಸಾರೆ ನಕ್ಕು, "ಹಾಗಾದರೆ ಬಂದಿತ್ತು," ಎಂದರು. ಆ ಹಕ್ಕಿಗೆ ಅವನ ಮಾತು ಸಾಕಾಯಿತು.

ಬೇಲಿ ಕೀಳುವ ಗಲಾಟೆ ಏನಾಯಿತೆಂದು ಊರಿಗೆಲ್ಲ ಅಷ್ಟರಲ್ಲಿ ಗೊತ್ತಾಗಿತ್ತು. ಎಸ್ಟೇಟಿನ ಕಾವಲುಗಾರನೊಬ್ಬನ ಕೈಗೆ ಕತ್ತಿಯೇಟು ಬಿದ್ದಿತ್ತು. ಪೊಲೀಸರು ಗುಡಿಸಲುಗಳಿಂದ ಸಿಕ್ಕ ಗಂಡಸರನ್ನೆಲ್ಲ ಎತ್ತಿದರು. ಕೆಲವು ದಿನಗಳ ಮೇಲೆ ನಾನು ಪಾಳಿ ಮುಗಿಸಿ ಹೊರಗೆ ಬಂದಾಗ ಎಕ್ಸ್‌ಚೇಂಜಿನ ಗೇಟಿನಲ್ಲಿ ಎಳೆಗೂಸು ಎತ್ತಿಕೊಂಡ ಒಬ್ಬಳು ನಿಂತಿದ್ದಳು. ಮೈಯಲ್ಲಿ ಇನ್ನೂ ಬಾಣಂತಿಯ ಬಿಳಿಚು.

"ಕೊಳವೆ ಕನ್ನಡಕದ ಚೇಚಿ ನೀವೇನಾ?" ಎಂದಳು. ಹೆರಿಗೆಯಾದ ರಾತ್ರಿ ಗಂಡ ಅವಳಿಗೆ ಹಕ್ಕಿಯ ಕತೆ ಹೇಳಿ ನಗಿಸಿದ್ದನಂತೆ. "ಅವ್ರು ಕತ್ತಿ ಬೀಸವ್ರೆ ಅಂತ ಕೇಸು ಹಾಕವ್ರೆ. ಅವತ್ತು ಇಲ್ಲೇ ಇದ್ರು ಅಂತ ಒಬ್ರಾದ್ರೂ ಯೋಳುದ್ರೆ ಬುಡ್ತಾರಂತೆ, ವಕ್ಕೀಲ್ರು ಅಂದ್ರು. ಆಶುಪತ್ರಿ ಗೇಟ್ನೋರು ಕಂಡಿಲ್ಲ ಅಂದ್ರು. ಚಾಯ ಅಂಗ್ಡಿಯೋರು ಕಂಡಿಲ್ಲ ಅಂದ್ರು. ನೀವು ಕಂಡಿದ್ದೀರಿ."

ಹೌದು, ನಾನು ಕಂಡಿದ್ದೆ. ಎಂದೂ ಇಲ್ಲದ ಧೈರ್ಯ ಬಂತು ಎಂದೇನೂ ಬಡಾಯಿ ಕೊಚ್ಚುವುದಿಲ್ಲ. ಆದರೆ ಒಂದು ಹಕ್ಕಿಗಾಗಿ ಊರೆಲ್ಲ ಸಾಕ್ಷಿ ಬೇಡಿದವಳು ನಾನು. ಬರುತ್ತೇನೆ ಎಂದೆ.

ನಮ್ಮ ಮೇಲಿನ ಅಧಿಕಾರಿಗೆ ಸುದ್ದಿ ಮುಟ್ಟಿ, "ನಿಮಗ್ಯಾಕೆ ಊರ ಉಸಾಬರಿ? ಒಬ್ಬಳೇ ಇರೋ ಹೆಣ್ಣುಮಗಳು," ಎಂದರು. ಒಬ್ಬಳೇ ಇರುವುದು ಒಂದು ಕಾಯಿಲೆ ಎನ್ನುವ ಹಾಗೆ ಎಲ್ಲರೂ ಅದನ್ನೇ ಹೇಳುತ್ತಿದ್ದರು. ರಜೆ ಬರೆದು ಕೊಟ್ಟು ಕೋರ್ಟಿಗೆ ಹೋದೆ.

ಜಾಮೀನಿನ ವಿಚಾರಣೆ ಅದು. ಅವನ ಪರವಾಗಿ ನಿಂತದ್ದು ಆಗತಾನೆ ಕೋಟು ತೊಟ್ಟ ಒಬ್ಬ ವಕೀಲ. ಒಂದೇ ಬೆಳಿಗ್ಗೆಗೆ ಗುಡಿಸಲಿನವರ ಕೇಸುಗಳೆಲ್ಲ ಅವನ ತಲೆಗೆ ಬಿದ್ದಿದ್ದವು. ಕೈದಿಗಳನ್ನು ಠಾಣೆಯಿಂದ ನೇರವಾಗಿ ಒಳಗೆ ತಂದು ನಿಲ್ಲಿಸಿದ್ದರಿಂದ ನನ್ನ ಬೆಂಚಿನವನೊಂದಿಗೆ ಮಾತಾಡಲು ವಕೀಲನಿಗಾಗಲಿ ಅವನ ಹೆಂಡತಿಗಾಗಲಿ ಪುರುಸೊತ್ತೇ ಸಿಗಲಿಲ್ಲ. ನನಗೆ ಅದರ ಚಿಂತೆ ಆಗಲಿಲ್ಲ. ಹೇಳಿಕೊಡದೆ ಸರಿಯಾಗಿ ಹೇಳುವವನು ಅವನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಅವನು ಸೊರಗಿಹೋಗಿದ್ದ. ನನ್ನನ್ನು ಕಂಡವನೇ ಮುಖ ಕಪ್ಪಿಟ್ಟು ನೆಲ ನೋಡತೊಡಗಿದ. ಪೆಟ್ಟು ತಿಂದ ನಾಚಿಕೆ ಇರಬೇಕು ಎಂದುಕೊಂಡೆ.

ನಾನು ಹೇಳಬೇಕಾದದ್ದನ್ನು ಹೇಳಿದೆ. ಎಂದಿನಂತೆ ನನ್ನ ಮಲಯಾಳಂಗೆ ಹಿಂದಿನ ಸಾಲಿನವರು ನಕ್ಕರು. ಆ ದಿನ ಮಧ್ಯಾಹ್ನದಿಂದ ಬಿಸಿಲು ಇಳಿಯುವವರೆಗೆ ಈ ಮನುಷ್ಯ ನನ್ನ ಪಕ್ಕದಲ್ಲಿ ಪಾರ್ಕಿನ ಬೆಂಚಿನ ಮೇಲಿದ್ದ ಎಂದೆ. ಎದುರು ವಕೀಲ, "ಏನು ಮಾಡುತ್ತಿದ್ದಿರಿ?" ಎಂದ. ಹಕ್ಕಿ ನೋಡುತ್ತಿದ್ದೆವು ಎಂದೆ. "ಯಾವ ಹಕ್ಕಿ? ಕಾಗೆಯೋ?" ಮತ್ತೆ ನಗು. ಅದು ಯಾವ ಹಕ್ಕಿ, ಎಲ್ಲಿಂದ ಬಂದದ್ದು, ಅದು ಬಾನಾಡಿಯಲ್ಲವೆಂದು ಹೇಗೆ ತಿಳಿಯಿತು ಎಲ್ಲವನ್ನೂ ಹೇಳಿದೆ. ನಗು ನಿಂತಿತು. "ಆ ಹಕ್ಕಿಯನ್ನು ಬೇರೆ ಯಾರು ಕಂಡರು?" ಎಂದ. ಇವನೇ ಎಂದೆ.

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಒರಟರಲ್ಲ. ಅವರು ಕುತೂಹಲದಿಂದಲೇ ಮುಂದಕ್ಕೆ ಬಾಗಿದರು. ಇನ್ನೇನು, ಅವನು ಕಾಲುಚೀಲದ ಮಾತು ಹೇಳುತ್ತಾನೆ, ಇಬ್ಬರ ಮಾತೂ ಹೊಂದುತ್ತದೆ, ಇವನು ಮನೆಗೆ ಹೋಗುತ್ತಾನೆ. ಹಿಂದೆ ಅವನ ಹೆಂಡತಿ ಅಳುವ ಮಗುವಿನ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿದಳು.

"ಆ ದಿನ ನೀನು ಪಾರ್ಕಿನಲ್ಲಿ ಈ ಹೆಂಗಸಿನ ಜೊತೆ ಕೂತು ಹಕ್ಕಿಯನ್ನು ನೋಡಿದೆಯಾ?" ಎಂದು ಅವರು ಮಲಯಾಳಂನಲ್ಲಿ ನಿಧಾನವಾಗಿ ಕೇಳಿದರು.

ಅವನು ತಲೆ ಎತ್ತಲಿಲ್ಲ. "ಞಾನ್ ಒನ್ನುಂ ಕಂಡಿಲ್ಲ."

ಇನ್ನೊಮ್ಮೆ ಕೇಳಿದರು. ಇವರನ್ನು ನೀನು ಬಲ್ಲೆಯಾ ಎಂದೂ ಕೇಳಿದರು. ಬಲ್ಲೆ ಎನ್ನಲಿಲ್ಲ. ಈ ಚೇಚಿಯನ್ನು ನಾನು ಕಂಡೇ ಇಲ್ಲ, ಅವರಿಗೂ ನನಗೂ ಸಂಬಂಧವಿಲ್ಲ ಎಂದ. ಎತ್ತು ಏರಿಗೆ, ಕೋಣ ನೀರಿಗೆ. ಮ್ಯಾಜಿಸ್ಟ್ರೇಟರು ನನ್ನ ಕಡೆ ಕನಿಕರದಿಂದ ನೋಡಿದರು. ಆ ಕನಿಕರ ಇವತ್ತಿಗೂ ಚುಚ್ಚುತ್ತದೆ. ಒಂಟಿ ಹೆಂಗಸು, ತಲೆಯಲ್ಲಿ ಹಕ್ಕಿ ತುಂಬಿಕೊಂಡಿದ್ದಾಳೆ, ಪಾಪ.

ಜಾಮೀನು ಸಿಗಲಿಲ್ಲ. ಆಮೇಲೆ ವಕೀಲ ಎಷ್ಟು ತಿಪ್ಪರಲಾಗ ಹಾಕಿದರೂ, ಆರೋಪಿಯೇ ಅಲ್ಲಗಳೆದ ಸಾಕ್ಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹೊರಗೆ ಬರುವ ಹೊತ್ತಿಗೆ ಆ ಮಗು ನಡೆಯಲು ಕಲಿತಿತ್ತು.

ಆ ದಿನ ಅವನನ್ನು ವ್ಯಾನಿಗೆ ಹತ್ತಿಸುವ ಮೊದಲು ಜಗುಲಿಯ ಮೇಲೆ ನಿಲ್ಲಿಸಿದ್ದರು. ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಲೇಬೇಕೆಂದು ನಾನೂ ಅವನ ಹೆಂಡತಿಯೂ ಹತ್ತಿರ ಹೋದೆವು. ಪೊಲೀಸಿನವನು ಬೀಡಿ ಹಚ್ಚುತ್ತ ನೋಡಿಯೂ ನೋಡದಂತಿದ್ದ. ಅವನು ಆಗ ತಲೆ ಎತ್ತಿದ. ಅವನ ಮುಖದಲ್ಲಿ ದೊಡ್ಡ ಭಾರ ಇಳಿಸಿದ ಸಮಾಧಾನವಿತ್ತು.

"ಹೆದ್ರಬ್ಯಾಡಿ ಚೇಚಿ," ಎಂದ, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ. "ನಿಮ್ಮನ್ನ ಕಂಡೇ ಇಲ್ಲ ಅಂದ್ಬುಟ್ಟೆ. ಇನ್ನು ನಿಮ್ಮನ್ನ ಎಳ್ಯಾಕಿಲ್ಲ. ನನ್ನ ಜೊತ್ಗೆ ಕುಂತಿದ್ಕೆ ನಿಮ್ಗೂ ಕೋರ್ಟು ಹತ್ತೋ ಗತಿ ಬಂತಲ್ಲ, ಅದೇ ನನ್ಗೆ ಸಂಕ್ಟ."

ಆಗ ಅರ್ಥವಾಯಿತು. ಅವನು ಹುಟ್ಟಿದಾಗಿನಿಂದ ಕೋರ್ಟಿನಲ್ಲಿ ಕಂಡವರೆಲ್ಲ ಎಳೆದು ತಂದವರೇ. ನನ್ನನ್ನೂ ಪೊಲೀಸರೇ ಎಳೆದು ತಂದಿದ್ದಾರೆ ಎಂದುಕೊಂಡಿದ್ದ. ತನ್ನ ಪರವಾಗಿ ಒಬ್ಬರು ತಾವಾಗಿಯೇ ನಡೆದು ಬಂದು ಆ ಕಟಕಟೆ ಹತ್ತುತ್ತಾರೆ ಎನ್ನುವುದು ಅವನ ಊಹೆಗೇ ನಿಲುಕುವಂಥದ್ದಾಗಿರಲಿಲ್ಲ.

ಅವನ ಹೆಂಡತಿ ಬಾಯಿ ತೆರೆದಳು. ನನ್ನ ಮುಖ ನೋಡಿದಳು. ನಾನಾಗಿಯೇ ಬಂದೆನೆಂಬ ಸತ್ಯವನ್ನು ಅವನಿಗೆ ಹೇಳಿದರೆ, ತನ್ನ ಬಿಡುಗಡೆಯನ್ನು ತಾನೇ ಕೈಯಾರೆ ಚೆಲ್ಲಿಕೊಂಡೆ ಎಂಬ ಮಾತನ್ನು ಹೊತ್ತು ಅವನು ಆ ವ್ಯಾನು ಹತ್ತಬೇಕು. ಅವಳು ಬಾಯಿ ಮುಚ್ಚಿಕೊಂಡಳು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಒಳ್ಳೇದು ಮಾಡಿದಿರಿ," ಎಂದೆ. "ನನಗೇನೂ ತೊಂದರೆ ಆಗಲಿಲ್ಲ."

ಅವನು ತಲೆಯಾಡಿಸಿದ. ಪೊಲೀಸಿನವನು ಬೀಡಿ ಎಸೆದು ಹಗ್ಗ ಜಗ್ಗಿದ. ಮೆಟ್ಟಿಲು ಇಳಿಯುತ್ತ ಅವನು ಹೆಂಡತಿಯ ಕಡೆ ತಿರುಗಿ, "ಚೇಚಿನ ಮನೆಗಂಟ ಬುಟ್ಬುಟ್ಟು ವೋಗು. ಒಬ್ರೇ ಅವ್ರೆ," ಎಂದ.

ಬೇಡವೆಂದರೂ ಅವಳು ಬಂದಳು. ಹಸಿ ಬಾಣಂತಿ, ಮಗುವನ್ನು ಎದೆಗೆ ಒತ್ತಿಕೊಂಡು ಬತ್ತೇರಿಯ ಬೀದಿಯುದ್ದಕ್ಕೂ ನನ್ನ ಒಂದು ಹೆಜ್ಜೆ ಹಿಂದೆ ನಡೆದಳು. ನಾನು ಬೀಗ ತೆಗೆದು ಒಳಗೆ ಹೋಗುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಕತ್ತಲಾಗುವ ಮೊದಲು ಸಿಗುವ ಬಸ್ಸಿಗಾಗಿ ಒಬ್ಬಳೇ ಹಿಂದಿರುಗಿ ಹೋದಳು.